ಹಲಗೆಗೂ ಓಲೆಗೂ ನಡುವೆ

ಗದುಗಿನ ಕುಮಾರವ್ಯಾಸ ತನ್ನ ಭಾರತದ ಪೀಠಿಕೆಯಲ್ಲಿ ತನಗೆ ತಾನೇ ನಾಲ್ಕು ಹೆಗ್ಗಳಿಕೆಗಳನ್ನು ಕೊಟ್ಟುಕೊಳ್ಳುತ್ತಾನೆ. ಹಲಗೆ, ಬಳಪ ಹಿಡಿಯದೆ ಬರೆಯಬಲ್ಲೆ ಎನ್ನುವುದು ಒಂದು. ಇಟ್ಟ ಪದವನ್ನು ಮತ್ತೆ ಅಳಿಸುವುದಿಲ್ಲ ಎನ್ನುವುದು ಇನ್ನೊಂದು. ಬೇರೆಯವರ ರೀತಿಯನ್ನು ಕಡ ತರುವುದಿಲ್ಲವಂತೆ. ಬರೆಯತೊಡಗಿದರೆ ಓಲೆಯ ಮೇಲೆ ಕಂಠದ, ಅಂದರೆ ಬರೆಯುವ ಕಬ್ಬಿಣದ ಕಡ್ಡಿಯ, ಸದ್ದು ನಿಲ್ಲುವುದೇ ಇಲ್ಲವಂತೆ. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಕವಿಯ ಆತ್ಮವಿಶ್ವಾಸಕ್ಕೆ ಉದಾಹರಣೆಯೆಂದು ಓದುತ್ತಾರೆ. ಮನೋವಿಜ್ಞಾನದ ಕಣ್ಣಿಗೆ ಇದೊಂದು ಒಳ್ಳೆಯ ಸಾಕ್ಷ್ಯ. ಎಲ್ಲರೂ ಮಾಡುವುದನ್ನು ನಾನು ಮಾಡುವುದಿಲ್ಲ ಎಂದರೆ ತಾನೆ ಅದು ಹೆಗ್ಗಳಿಕೆಯಾಗುವುದು? ಹಾಗಾದರೆ ಉಳಿದ ಕವಿಗಳು ಮೊದಲು ಹಲಗೆಯ ಮೇಲೆ ಬಳಪದಿಂದ ಗೀಚುತ್ತಿದ್ದರು, ಅಳಿಸುತ್ತಿದ್ದರು, ಹಿಂದಿನವರ ಕಾವ್ಯದ ಕಡೆ ಕಳ್ಳನೋಟ ಬೀರುತ್ತಿದ್ದರು. ಅವರ ಕಂಠ ಆಗಾಗ ಸದ್ದಡಗಿ ಕೂರುತ್ತಿತ್ತು.

ಕೂರದೆ ವಿಧಿಯೂ ಇರಲಿಲ್ಲ. ಓಲೆಗರಿಯ ಮೇಲಿನ ಬರಹವೆಂದರೆ ಕೊರೆತ. ಕಬ್ಬಿಣದ ಮೊನೆಯಿಂದ ಗೀರಿ, ಮೇಲೆ ಮಸಿ ಸವರಿ ಒರೆಸಿದರೆ ಗೀರಿನೊಳಗೆ ಕಪ್ಪು ಕೂತು ಅಕ್ಷರ ಎದ್ದು ಕಾಣುತ್ತದೆ. ಒಮ್ಮೆ ಗೀರಿದ್ದನ್ನು ಅಳಿಸಲು ಬಾರದು, ಹೆಚ್ಚೆಂದರೆ ಹೊಡೆದುಹಾಕಬಹುದು. ಆದ್ದರಿಂದ ತಪ್ಪು ಮಾಡುವುದಕ್ಕೆ ಒಂದು ಜಾಗ, ಒಪ್ಪವಾದದ್ದನ್ನು ಇಡುವುದಕ್ಕೆ ಇನ್ನೊಂದು ಜಾಗ ಎಂದು ನಮ್ಮ ಹಿಂದಿನವರು ಕೆಲಸವನ್ನು ಎರಡಾಗಿ ಸೀಳಿಕೊಂಡಿದ್ದರು. ಕಾಗದ ಬಂತು, ಆಮೇಲೆ ಕಂಪ್ಯೂಟರ್ ಪರದೆ ಬಂತು. ಎರಡೂ ಜಾಗಗಳು ಒಂದಾಗಿಹೋದವು. ಬರೆಯಲು ಕೂತವರು ಖಾಲಿ ಹಾಳೆಯ ಮುಂದೆ ಗರ ಬಡಿದವರಂತೆ ಕೂತುಬಿಡುವುದಕ್ಕೆ ತಲೆಯಲ್ಲಿ ಏನೂ ಇಲ್ಲದಿರುವುದು ಕಾರಣವೆಂದು ಸಾಮಾನ್ಯವಾಗಿ ನಂಬುತ್ತೇವೆ. ಹಲಗೆಯ ಕೆಲಸವನ್ನೂ ಓಲೆಯ ಕೆಲಸವನ್ನೂ ಒಂದೇ ಗಳಿಗೆಯಲ್ಲಿ ಮಾಡಹೊರಡುವುದೇ ಹೆಚ್ಚಿನ ಸಲ ಕಾರಣ ಎಂಬುದು ನನ್ನ ವಾದ. ಕಳೆದ ಐದು ದಶಕಗಳ ಪ್ರಯೋಗಗಳು ಬಹುಮಟ್ಟಿಗೆ ಇದರ ಪರವಾಗಿಯೇ ಸಾಕ್ಷಿ ನುಡಿಯುತ್ತವೆ.

ಈ ಕಾಯಿಲೆಗೆ 'ರೈಟರ್ಸ್ ಬ್ಲಾಕ್' ಎಂಬ ಹೆಸರು ಬಂದದ್ದು 1947ರಲ್ಲಿ. ಇಟ್ಟವನು ಎಡ್ಮಂಡ್ ಬರ್ಗ್ಲರ್. ವಿಯೆನ್ನಾದಲ್ಲಿ ಫ್ರಾಯ್ಡ್ ಪಂಥದಲ್ಲಿ ಪಳಗಿ, ನ್ಯೂಯಾರ್ಕಿಗೆ ವಲಸೆ ಹೋದ ಮನೋವಿಶ್ಲೇಷಕ. ಅವನ ಪ್ರಕಾರ ಇದರ ಬೇರು ಇರುವುದು ತೊಟ್ಟಿಲಲ್ಲಿ. ಬೇಕಾದಾಗ ಹಾಲು ಕೊಡಲಿಲ್ಲವೆಂದು ತಾಯಿಯ ಮೇಲೆ ಮುನಿಸಿಕೊಂಡ ಕೂಸು ಬೆಳೆದು ಲೇಖಕನಾಗುತ್ತದೆ. ತನಗೆ ತಾನೇ ಪದಗಳನ್ನು ಉಣಿಸಿಕೊಳ್ಳುತ್ತ ಆ ಮುನಿಸನ್ನು ತೀರಿಸಿಕೊಳ್ಳುತ್ತದೆ. ಒಳಗಿನ ಸ್ವಪೀಡನೆಯ ಚಟ ಕೆದರಿದಾಗ ಆ ಉಣಿಸು ನಿಂತುಹೋಗುತ್ತದೆ. ಇದನ್ನು ಪರೀಕ್ಷಿಸುವ ದಾರಿಯನ್ನು ಬರ್ಗ್ಲರ್ ಹೇಳಲಿಲ್ಲ, ಹೇಳಲು ಬರುವಂತೆಯೂ ಇರಲಿಲ್ಲ. ಹೆಸರು ಮಾತ್ರ ನಿಂತಿತು.

ಮುಂದಿನ ಹೆಜ್ಜೆ ಇಟ್ಟವನು ಡೆನಿಸ್ ಅಪ್ಪರ್ ಎಂಬ ಅಮೆರಿಕದ ಮನೋವಿಜ್ಞಾನಿ. 1974ರಲ್ಲಿ ವರ್ತನಾ ವಿಜ್ಞಾನದ ಗಂಭೀರ ಪತ್ರಿಕೆಯೊಂದರಲ್ಲಿ ಅವನ ಪ್ರಬಂಧ ಅಚ್ಚಾಯಿತು. ರೈಟರ್ಸ್ ಬ್ಲಾಕ್‌ಗೆ ಒಬ್ಬ ರೋಗಿ ತಾನೇ ಮಾಡಿಕೊಂಡ ವಿಫಲ ಚಿಕಿತ್ಸೆ ಎಂಬ ಅರ್ಥದ ಶೀರ್ಷಿಕೆ, ಕೆಳಗೆ ಲೇಖಕನ ಹೆಸರು, ಅದರ ಕೆಳಗೆ ಬೆಳ್ಳನೆಯ ಖಾಲಿ ಪುಟ. ಪ್ರಬಂಧ ಅಷ್ಟೇ. ಪರಿಶೀಲಕನೂ ಕಡಿಮೆ ಆಸಾಮಿಯಲ್ಲ. ಹಸ್ತಪ್ರತಿಯನ್ನು ನಿಂಬೆರಸ, ಎಕ್ಸ್-ರೇ ಎರಡರಿಂದಲೂ ಪರೀಕ್ಷಿಸಿದೆ, ವಿಧಾನದಲ್ಲಾಗಲಿ ಶೈಲಿಯಲ್ಲಾಗಲಿ ಒಂದು ದೋಷವೂ ಸಿಗಲಿಲ್ಲ, ಯಾವ ತಿದ್ದುಪಡಿಯೂ ಇಲ್ಲದೆ ಅಚ್ಚು ಹಾಕಿ ಎಂದು ಬರೆದುಕೊಟ್ಟ. 2007ರಲ್ಲಿ ಬೇರೆ ಬೇರೆ ದೇಶಗಳ ಸಂಶೋಧಕರು ಸೇರಿ ಈ ಪ್ರಯೋಗವನ್ನು ಮತ್ತೆ ಮಾಡಿ ಫಲಿತಾಂಶ ಪ್ರಕಟಿಸಿದರು. ಅದೂ ಖಾಲಿ. ವಿಜ್ಞಾನದಲ್ಲಿ ಇಷ್ಟು ಚೊಕ್ಕವಾಗಿ ಪುನರಾವರ್ತನೆಯಾದ ಫಲಿತಾಂಶಗಳು ಅಪರೂಪ.

ನಗೆ ಸಾಕು. ಬರೆಯುವಾಗ ತಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ನೇರವಾಗಿ ಕೇಳಿನೋಡಿದವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್. ಬರೆಯಲು ಕೂತವರಿಗೆ ಅವರು ಹಾಕಿದ ಷರತ್ತು ಒಂದೇ: ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯುತ್ತ ಬರೆಯುತ್ತ ಬಾಯಿಬಿಟ್ಟು ಹೇಳುತ್ತಿರಬೇಕು. ಆ ಗೊಣಗಾಟವನ್ನೆಲ್ಲ ಧ್ವನಿಮುದ್ರಿಸಿ ಬಿಡಿಸಿ ನೋಡಿದರು. ಬರವಣಿಗೆಯೆಂದರೆ ಮೊದಲು ಯೋಜನೆ, ಆಮೇಲೆ ಬರೆಯುವುದು, ಕೊನೆಗೆ ತಿದ್ದುವುದು ಎಂದು ಶಾಲೆಯಲ್ಲಿ ಹೇಳಿಕೊಡುವ ಮೆಟ್ಟಿಲುಗಳು ಅಲ್ಲಿ ಕಾಣಲಿಲ್ಲ. 1981ರಲ್ಲಿ ಅವರು ಮುಂದಿಟ್ಟ ಚಿತ್ರದಲ್ಲಿ ಯೋಜಿಸುವುದು, ಯೋಚನೆಯನ್ನು ವಾಕ್ಯವಾಗಿಸುವುದು, ಬರೆದದ್ದನ್ನು ತೂಗಿ ನೋಡುವುದು ಈ ಮೂರೂ ಒಂದರ ಮಧ್ಯೆ ಒಂದು ನುಗ್ಗುತ್ತಲೇ ಇರುತ್ತವೆ. ಅರ್ಧ ವಾಕ್ಯ ಬರೆದಿರುವಾಗಲೇ ತೂಗುವವನು ತಕ್ಕಡಿ ಹಿಡಿದು ಬಂದುಬಿಡುತ್ತಾನೆ.

ಇವರೆಲ್ಲ ನುಗ್ಗುವ ಜಾಗವಾದರೂ ಎಷ್ಟು ದೊಡ್ಡದು? ಅದನ್ನು ಕಾರ್ಯಸ್ಮೃತಿ ಎನ್ನುತ್ತಾರೆ. ಈ ಕ್ಷಣದ ಕೆಲಸಕ್ಕೆ ಬೇಕಾದದ್ದನ್ನು ಕೈಯಳತೆಯಲ್ಲಿ ಹಿಡಿದಿಟ್ಟುಕೊಳ್ಳುವ ವ್ಯವಸ್ಥೆ. 1974ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಇದರ ಮಾದರಿಯನ್ನು ರೂಪಿಸಿದರು. ಮನುಷ್ಯ ಒಮ್ಮೆಗೆ ಸುಮಾರು ಏಳು ಸಂಗತಿಗಳನ್ನು ಹಿಡಿದಿಡಬಲ್ಲ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಹೇಳಿದ್ದ. 2001ರಲ್ಲಿ ನೆಲ್ಸನ್ ಕೋವನ್ ಲೆಕ್ಕ ಪರಿಷ್ಕರಿಸಿ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದ. ನಾಲ್ಕು! ಮುಂದಿನ ಪ್ಯಾರಾ ಎತ್ತ ಹೋಗಬೇಕು, ಈ ವಾಕ್ಯದ ಕರ್ತೃ ಯಾರು, ಕಳೆದ ವಾಕ್ಯದಲ್ಲಿ ಬಂದ ಪದ ಇಲ್ಲೂ ಬಂತೇ, ಓದುವವರು ನಗುತ್ತಾರೋ ಎಂಬಷ್ಟಕ್ಕೇ ಜಾಗ ಭರ್ತಿ. ಒಂದೇ ಒಲೆಯ ಅಡುಗೆಮನೆಯಲ್ಲಿ ಹುಳಿ, ಪಲ್ಯ, ಪಾಯಸ ಎಲ್ಲವನ್ನೂ ಒಟ್ಟಿಗೆ ಬೇಯಿಸಹೊರಟು, ಜೊತೆಗೆ ಹೋಟೆಲಿನ ರುಚಿ ನೋಡುವವರನ್ನೂ ಒಳಗೇ ನಿಲ್ಲಿಸಿಕೊಂಡ ಹಾಗೆ.

ಕನ್ನಡದಲ್ಲಿ ಬರೆಯುವವರಿಗೆ ಇದರಲ್ಲಿ ಒಂದೆರಡು ಹೆಚ್ಚುವರಿ ತೆರಿಗೆಗಳಿವೆ ಎಂದು ನನ್ನ ಗುಮಾನಿ. ನಮ್ಮ ಕ್ರಿಯಾಪದ ಕೂರುವುದು ವಾಕ್ಯದ ತುದಿಯಲ್ಲಿ. ಉದ್ದನೆಯ ವಾಕ್ಯ ಹೆಣೆಯುವಾಗ ಯಾರು, ಯಾವಾಗ, ಯಾರಿಗೆ ಎಂಬುದನ್ನೆಲ್ಲ ಹೊತ್ತುಕೊಂಡೇ ಆ ಕೊನೆಯ ಪದದವರೆಗೆ ನಡೆಯಬೇಕು. ಇನ್ನೊಂದು ತೆರಿಗೆ ಕೀಲಿಮಣೆಯದು, ಮತ್ತು ಇದಕ್ಕೆ ಪರೋಕ್ಷವಾಗಿಯಾದರೂ ಪ್ರಯೋಗದ ಬೆಂಬಲವಿದೆ. 1994ರಲ್ಲಿ ಬಿಯಾಟ್ರಿಸ್ ಬೂರ್ಡಾ ಮತ್ತು ಮಿಶೆಲ್ ಫಯೋಲ್ ಎಂಬ ಫ್ರೆಂಚ್ ಸಂಶೋಧಕರು ಕೆಲವರಿಗೆ ಪದಗಳ ಪಟ್ಟಿ ಕೇಳಿಸಿ, ನೆನಪಿದ್ದದ್ದನ್ನು ಬಾಯಲ್ಲಿ ಹೇಳಲು ಅಥವಾ ಬರೆದು ತೋರಿಸಲು ಕೇಳಿದರು. ಮಕ್ಕಳು ಬರೆದಾಗ ಕಡಿಮೆ ಪದ ನೆನಪಿಸಿಕೊಂಡರು. ಅಕ್ಷರ ಮೂಡಿಸುವ ಶ್ರಮವೇ ನೆನಪನ್ನು ತಿಂದುಹಾಕಿತ್ತು. ದೊಡ್ಡವರಿಗೆ ಆ ತೊಂದರೆ ಇರಲಿಲ್ಲ. ಆಗ ದೊಡ್ಡವರಿಗೆ ರೂಢಿಯಿಲ್ಲದ ದೊಡ್ಡಕ್ಷರಗಳ ಕೂಡುಬರಹದಲ್ಲಿ ಬರೆಯಲು ಹೇಳಿದರು. ಅವರ ನೆನಪೂ ಕುಸಿಯಿತು. ಕೈ ತನ್ನ ಪಾಡಿಗೆ ತಾನು ಓಡುತ್ತಿದ್ದರೆ ತಲೆಗೆ ಬಿಡುವು. ಕೈಯ ಕಡೆ ಗಮನ ಕೊಡಬೇಕಾಗಿ ಬಂದ ಕೂಡಲೇ ಹೇಳಬೇಕಾದದ್ದು ಸೋರಿಹೋಗುತ್ತದೆ. ಕಾಗದದ ಮೇಲೆ ಸರಾಗವಾಗಿ ಬರೆಯುತ್ತಿದ್ದ ಹಿರಿಯರೊಬ್ಬರು ಮೊದಲ ಸಲ ಪರದೆಯ ಮುಂದೆ ಕೂತು 'ಷ' ಎಲ್ಲಿದೆ, ಒತ್ತಕ್ಷರ ಹೇಗೆ ಎಂದು ಹುಡುಕುವಾಗ ಅವರ ಯೋಚನೆ ಎಲ್ಲಿ ಹೋಗುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಬೆರಳಿಗೆ ಕೂತವರು ಈ ತೆರಿಗೆಯಿಂದ ಪಾರು. ಮೊಬೈಲಿನಲ್ಲಿ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಯೋಚಿಸಿ ಕುಟ್ಟುವವರು ಎಷ್ಟು ಕಟ್ಟುತ್ತಿದ್ದಾರೆ ಎಂದು ಯಾರಾದರೂ ಅಳೆದರೆ ಒಳ್ಳೆಯದು.

ಆದರೆ ಎಲ್ಲರ ಕಾರ್ಯಸ್ಮೃತಿಯೂ ಇಷ್ಟೇ ಕಿರಿದಾಗಿರುವಾಗ ಕೆಲವರು ಮಾತ್ರ ಏಕೆ ಬರೆಯಲಾಗದೆ ಕೂರುತ್ತಾರೆ? ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಅಧ್ಯಯನ ಮೈಕ್ ರೋಸ್‌ನದು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿಸುತ್ತಿದ್ದ ಅವನು ಹತ್ತು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತಾಡಿಸಿ 1980ರಲ್ಲಿ ವರದಿ ಬರೆದ. ಐವರು ಬರೆಯಲಾಗದೆ ಒದ್ದಾಡುವವರು, ಐವರು ಸಲೀಸಾಗಿ ಬರೆಯುವವರು. ಬುದ್ಧಿವಂತಿಕೆಯಲ್ಲಿ ಒದ್ದಾಡುವವರು ಉಳಿದವರಿಗಿಂತ ಕಡಿಮೆ ಎನ್ನುವಂತಿರಲಿಲ್ಲ. ರೋಸ್‌ಗೆ ಕಂಡ ವ್ಯತ್ಯಾಸ ಅವರ ತಲೆಯಲ್ಲಿದ್ದ ನಿಯಮಗಳದ್ದು.

ಒದ್ದಾಡುವವರಲ್ಲಿ ಒಬ್ಬಳಿಗೆ ಶಾಲೆಯಲ್ಲಿ ಯಾರೋ ಹೇಳಿದ್ದರು: ಮೊದಲ ಪ್ಯಾರಾ ಓದುಗರನ್ನು ಹಿಡಿದು ನಿಲ್ಲಿಸುವಂತಿರಬೇಕು. ಒಳ್ಳೆಯ ಮಾತೇ. ಆಕೆ ಅದನ್ನು ವೇದವಾಕ್ಯವಾಗಿ ತೆಗೆದುಕೊಂಡು ಮೊದಲ ಪ್ಯಾರಾದಲ್ಲೇ ಗಂಟೆಗಟ್ಟಲೆ ಸಿಕ್ಕಿಬೀಳುತ್ತಿದ್ದಳು. ಇನ್ನೊಬ್ಬಳು ಒಂದು ವಾಕ್ಯ ವ್ಯಾಕರಣಶುದ್ಧವಾಗಿ ಮೂಡುವವರೆಗೆ ಎರಡನೆಯದಕ್ಕೆ ಕೈ ಹಾಕುತ್ತಿರಲಿಲ್ಲ. ಮತ್ತೊಬ್ಬಳದು ಯೋಜನೆಯ ಹುಚ್ಚು: ದಿನಗಟ್ಟಲೆ ಕೂತು ರೂಪರೇಷೆ ತಯಾರಿಸುತ್ತಿದ್ದಳು, ಅದು ಎಷ್ಟು ಜಟಿಲವಾಗುತ್ತಿತ್ತೆಂದರೆ ಅದನ್ನು ಪುಟ್ಟ ಪ್ರಬಂಧಕ್ಕೆ ಇಳಿಸುವುದು ಅಸಾಧ್ಯವಾಗಿ ಗಡುವು ಮುಗಿದಿರುತ್ತಿತ್ತು. ಸಲೀಸಾಗಿ ಬರೆಯುವ ಐವರಿಗೂ ನಿಯಮಗಳಿದ್ದವು, ಅವನ್ನೂ ಯಾವುದೋ ಮೇಷ್ಟ್ರೇ ಕಲಿಸಿದ್ದು. ಅವರು ಅವನ್ನು ಉಪಯೋಗಕ್ಕೆ ಬಂದರೆ ಇಟ್ಟುಕೊಂಡು, ಬಾರದಿದ್ದರೆ ಬಿಟ್ಟುಬಿಡುತ್ತಿದ್ದರು.

ನಮ್ಮ ಹತ್ತನೆಯ ತರಗತಿಯ ಪ್ರಬಂಧ ನೆನಪಿಸಿಕೊಳ್ಳಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ, ಇಷ್ಟಿಷ್ಟು ಅಂಕ. ಪೀಠಿಕೆಯಲ್ಲಿ ಗಾದೆಯೋ ಸುಭಾಷಿತವೋ ಇದ್ದರೆ ಮೌಲ್ಯಮಾಪಕರು ಮೆಚ್ಚುತ್ತಾರೆ ಎಂಬ ಕಿವಿಮಾತು ಬೇರೆ. ಮೂವತ್ತು ವರ್ಷ ಕಳೆದು, ಊರಿನ ಕೆರೆಯ ಬಗ್ಗೆ ಪತ್ರಿಕೆಗೆ ನಾಲ್ಕು ಪುಟ ಬರೆಯೋಣವೆಂದು ಕೂತ ಎಂಜಿನಿಯರು 'ಅನಾದಿ ಕಾಲದಿಂದಲೂ' ಎಂದು ಶುರುಮಾಡಿ, ಅದು ತನಗೇ ಸಪ್ಪೆಯೆನಿಸಿ, ಹೊಡೆದುಹಾಕಿ, ಬೇರೆ ಪೀಠಿಕೆ ಹೊಳೆಯದೆ ಎದ್ದುಹೋಗುತ್ತಾರೆ. ಕೆರೆಯ ಬಗ್ಗೆ ಅವರಿಗೆ ಗೊತ್ತಿರುವುದೆಲ್ಲ ಒಳಗೇ ಉಳಿಯುತ್ತದೆ. ಪೀಠಿಕೆಯನ್ನು ಕೊನೆಗೆ ಬರೆಯಬಹುದು ಎಂದು ಅವರಿಗೆ ಯಾರೂ ಹೇಳಿಲ್ಲ. ಕುಮಾರವ್ಯಾಸನೂ ಪೀಠಿಕೆಯನ್ನು ಮೊದಲೇ ಬರೆದನೋ ಇಲ್ಲವೋ ಯಾರು ಕಂಡರು. ಅವನು ಅದರಲ್ಲೇ ಒಂದು ಜಾಣತನ ಮಾಡಿದ್ದಾನೆ: ಕವಿ ಗದುಗಿನ ದೇವರಾದ ವೀರನಾರಾಯಣ, ತಾನು ಬರೀ ಲಿಪಿಕಾರ ಎಂದುಬಿಟ್ಟ. ಭಕ್ತಿಯ ಮಾತನ್ನು ಲೌಕಿಕಕ್ಕೆ ಎಳೆದರೆ ಕ್ಷಮೆಯಿರಲಿ, ತಕ್ಕಡಿ ಹಿಡಿದವನನ್ನು ಹೊರಗೆ ಕೂರಿಸಲು ಇದಕ್ಕಿಂತ ಒಳ್ಳೆಯ ಉಪಾಯ ಸಿಗಲಾರದು.

ಆ ತಕ್ಕಡಿಯವನ ಬಗ್ಗೆ ಜರ್ಮನ್ ಕವಿ ಶಿಲ್ಲರ್ 1788ರಲ್ಲೇ ಗೆಳೆಯನೊಬ್ಬನಿಗೆ ಪತ್ರ ಬರೆದಿದ್ದ. ಕೋರ್ನರ್ ಎಂಬ ಆ ಗೆಳೆಯನ ದೂರು, ತನಗೆ ಏನೂ ಸೃಷ್ಟಿಸಲಾಗುತ್ತಿಲ್ಲ ಎಂದು. ಶಿಲ್ಲರ್‌ನ ಉತ್ತರದ ಸಾರ ಹೀಗೆ: ನಿನ್ನ ವಿವೇಕ ಬಾಗಿಲಲ್ಲೇ ನಿಂತು, ಒಳಗೆ ಬರುವ ಒಂದೊಂದು ಯೋಚನೆಯನ್ನೂ ತಡೆದು ತಪಾಸಣೆ ಮಾಡುತ್ತಿದೆ. ಒಂಟಿಯಾಗಿ ನೋಡಿದರೆ ಪೆದ್ದಾಗಿ ಕಾಣುವ ಯೋಚನೆ, ಹಿಂದೆ ಬರುವ ಇನ್ನೊಂದರ ಜೊತೆ ಸೇರಿ ಬೆಲೆಯುಳ್ಳದ್ದಾಗಬಹುದು. ಕಾವಲುಗಾರರನ್ನು ಬಾಗಿಲಿಂದ ಕಳಿಸಿ ಎಲ್ಲವೂ ಗುಂಪಾಗಿ ನುಗ್ಗಲಿ, ತಪಾಸಣೆ ಆಮೇಲೆ. ಫ್ರಾಯ್ಡ್ ತನ್ನ ಕನಸುಗಳ ಪುಸ್ತಕದಲ್ಲಿ ಈ ಪತ್ರವನ್ನು ಎತ್ತಿ ತೋರಿಸಿದ್ದಾನೆ.

ಕಾವಲುಗಾರರಿಗೆ ಮಿದುಳಿನಲ್ಲಿ ಒಂದು ವಿಳಾಸವಿದೆಯೇ? ಇಲ್ಲಿ ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ಸ್ಕ್ಯಾನಿನ ಬಣ್ಣದ ಚಿತ್ರಗಳು ನಮ್ಮನ್ನು ಬೇಗ ಮರುಳು ಮಾಡುತ್ತವೆ. 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಅಲನ್ ಬ್ರಾನ್ ಆರು ಮಂದಿ ನುರಿತ ಜಾಸ್ ಪಿಯಾನೋ ವಾದಕರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಕಬ್ಬಿಣದ ಅಂಶವಿಲ್ಲದ ಪುಟ್ಟ ಕೀಲಿಮಣೆಯೊಂದನ್ನು ಕೊಟ್ಟರು. ಕಂಠಪಾಠವಾದ ಸಂಗೀತ ನುಡಿಸುವಾಗಲೂ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವಾಗಲೂ ಮಿದುಳನ್ನು ನೋಡಿದರು. ಮನೋಧರ್ಮಕ್ಕೆ ಬಿಟ್ಟಾಗ ಹಣೆಯ ಹಿಂದಿನ ಮುಮ್ಮಿದುಳಿನ ಪಕ್ಕದ ಭಾಗಗಳು ತಣ್ಣಗಾದವು; ಮಧ್ಯದ ಒಂದು ಭಾಗ ಚುರುಕಾಯಿತು. ಪಕ್ಕದ ಭಾಗಗಳು ತನ್ನ ಕೆಲಸದ ಮೇಲೆ ತಾನೇ ಕಣ್ಣಿಡುವುದು, ತಿದ್ದಿಕೊಳ್ಳುವುದು ಇಂಥವುಗಳಲ್ಲಿ ಭಾಗಿ. ಮಧ್ಯದ್ದು ತನ್ನತನದ ಅಭಿವ್ಯಕ್ತಿಗೆ ಸಂಬಂಧಿಸಿದ್ದು. ಶಿಲ್ಲರ್ ಓದಿದ್ದರೆ ಖುಷಿಪಡುತ್ತಿದ್ದ. ಆದರೆ ಆರೇ ಜನ, ಅದೂ ಬರಹವಲ್ಲ, ಸಂಗೀತ.

ಬರಹವನ್ನೇ ಸ್ಕ್ಯಾನ್ ಮಾಡಿದವನು ಜರ್ಮನಿಯ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದ ಮಾರ್ಟಿನ್ ಲೋಟ್ಸ. ಮಲಗಿದವರ ಮುಂದೆ ಓರೆಯಾದ ಪುಟ್ಟ ಮೇಜು, ತಮ್ಮ ಕೈಯನ್ನು ತಾವು ನೋಡಿಕೊಳ್ಳಲು ಕನ್ನಡಿ. ಕಥೆಯ ಆರಂಭವೊಂದನ್ನು ಕೊಟ್ಟು, ಒಂದು ನಿಮಿಷ ಯೋಚಿಸಿ, ಎರಡು ನಿಮಿಷ ಬರೆಯಿರಿ ಎಂದರು. ಹೋಲಿಕೆಗೆ ಒಂದಿಷ್ಟು ನಕಲು ಬರಹ. 2014ರಲ್ಲಿ ಅವನ ತಂಡ, ಸೃಜನಶೀಲ ಬರವಣಿಗೆಯಲ್ಲೇ ಓದುತ್ತಿದ್ದ ಪಳಗಿದವರನ್ನು ಹೊಸಬರ ಜೊತೆ ಹೋಲಿಸಿತು. ಯೋಚಿಸುವ ನಿಮಿಷದಲ್ಲಿ ಹೊಸಬರಲ್ಲಿ ನೋಟದ ಕೇಂದ್ರಗಳು ಹೆಚ್ಚು ದುಡಿದಂತೆ ಕಂಡರೆ ಪಳಗಿದವರಲ್ಲಿ ಮಾತಿನ ಕೇಂದ್ರಗಳು ದುಡಿದವು. ಬರೆಯುವಾಗ ಪಳಗಿದವರಲ್ಲಿ ಕಾಡೇಟ್ ಎಂಬ ಒಳಗಿನ ಗಂಟೊಂದು ಎಚ್ಚೆತ್ತಿತ್ತು. ಅಭ್ಯಾಸದಿಂದ ಮೈಗೂಡಿದ ಕೌಶಲಗಳಲ್ಲಿ ಕೆಲಸ ಮಾಡುವುದು ಅದೇ. ಎರಡು ನಿಮಿಷದ ಕಥೆಗೂ ಕಾದಂಬರಿಗೂ ಎಷ್ಟು ಅಂತರ ಎಂಬ ಟೀಕೆ ಬಂತು, ಸರಿಯಾಗಿಯೇ ಬಂತು. ಪಳಗಿದವರು ಖಾಲಿ ಹಾಳೆಯನ್ನು ಚಿತ್ರಗಳಿಂದ ತುಂಬುವ ಬದಲು ಒಳಗೊಳಗೇ ಮಾತಾಡಿಕೊಳ್ಳುತ್ತಾರೇನೋ ಎಂಬ ಸುಳಿವು ಮಾತ್ರ ನನಗೆ ನಂಬುವಂತೆ ಕಾಣುತ್ತದೆ.

ಬರೆಯುವವನೂ ಬರೆದದ್ದನ್ನು ಓದಿ ತೂಗುವವನೂ ಬೇರೆ ಬೇರೆ ದಾರಿ ಹಿಡಿಯಬಲ್ಲರು ಎಂಬುದಕ್ಕೆ ಯಂತ್ರಕ್ಕಿಂತ ಗಟ್ಟಿಯಾದ ಸಾಕ್ಷಿ ಟೊರಾಂಟೊದ ಹೋವರ್ಡ್ ಎಂಗಲ್. ಬೆನ್ನಿ ಕೂಪರ್‌ಮನ್ ಎಂಬ ಪತ್ತೇದಾರನನ್ನು ಸೃಷ್ಟಿಸಿದ ಕಾದಂಬರಿಕಾರ. 2001ರ ಜುಲೈನ ಒಂದು ಬೆಳಗ್ಗೆ ಪತ್ರಿಕೆ ಬಿಡಿಸಿದರೆ ಅಕ್ಷರಗಳೆಲ್ಲ ಯಾವುದೋ ಪರಭಾಷೆಯವು. ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಂಡ. ಮಿದುಳಿನ ಎಡಹಿಂಭಾಗದಲ್ಲಿ ಆಘಾತವಾಗಿ, ಅಕ್ಷರ ಗುರುತಿಸುವ ಶಕ್ತಿ ಹೋಗಿತ್ತು. ಆದರೆ ಅವನ ಕೈಗೆ ಪೆನ್ನು ಕೊಟ್ಟರೆ ಸರಾಗವಾಗಿ ಬರೆಯಬಲ್ಲವನಾಗಿದ್ದ. ತಾನೇ ಬರೆದದ್ದನ್ನು ಮರುಗಳಿಗೆ ಓದಲಾರ! 1892ರಲ್ಲೇ ಫ್ರೆಂಚ್ ನರತಜ್ಞ ಡೆಜೆರಿನ್ ಇಂಥ ರೋಗಿಯೊಬ್ಬನ ಮಿದುಳನ್ನು ವರ್ಣಿಸಿದ್ದ. ಎಂಗಲ್ ಸೋಲಲಿಲ್ಲ. ಕಣ್ಣಿಗೆ ಕಂಡ ಅಕ್ಷರದ ಆಕಾರವನ್ನು ನಾಲಗೆಯಿಂದ ಹಲ್ಲಿನ ಹಿಂಬದಿಯ ಮೇಲೆ ಬರೆದುಕೊಳ್ಳುತ್ತ, ಕೈಯ ದಾರಿಯಿಂದ ಓದುವುದನ್ನು ಮತ್ತೆ ಕಲಿತ. 2005ರಲ್ಲಿ ಅವನ ಹೊಸ ಕಾದಂಬರಿ ಹೊರಬಂತು; ಅದರಲ್ಲಿ ಬೆನ್ನಿ ಕೂಪರ್‌ಮನ್‌ನಿಗೂ ಇದೇ ಕಾಯಿಲೆ. ಇವನ ಕಥೆಯನ್ನು ನರವೈದ್ಯ ಆಲಿವರ್ ಸ್ಯಾಕ್ಸ್ ವಿಸ್ತಾರವಾಗಿ ಬರೆದಿದ್ದಾನೆ.

ಒಲೆ ಎಷ್ಟೇ ಇದ್ದರೂ ಉರಿಯೇ ಇಲ್ಲದಿದ್ದರೆ? ಕಾವಲುಗಾರರ ಕಥೆಯಿಂದ ಮಾತ್ರ ಎಲ್ಲ ವಿವರಿಸಲಾಗದು. ಬರೆಯಬೇಕೆಂಬ ಹಂಬಲಕ್ಕೂ ಮಿದುಳಿನಲ್ಲಿ ನೆಲೆಯಿದೆ, ಮತ್ತು ಅದು ಮಿತಿಮೀರಿದಾಗ ಚೆನ್ನಾಗಿ ಕಾಣುತ್ತದೆ. ಕಪೋಲಭಾಗದ ಅಪಸ್ಮಾರವಿರುವ ಕೆಲವರು ಬಿಡುವಿಲ್ಲದೆ ಬರೆಯುತ್ತಾರೆ ಎಂದು 1974ರಲ್ಲಿ ಸ್ಟೀಫನ್ ವ್ಯಾಕ್ಸ್‌ಮನ್ ಮತ್ತು ನಾರ್ಮನ್ ಗೆಶ್ವಿಂಡ್ ದಾಖಲಿಸಿದರು. ಬಾಸ್ಟನ್‌ನ ನರವೈದ್ಯೆ ಆಲಿಸ್ ಫ್ಲಾಹರ್ಟಿ ಇದನ್ನು ತನ್ನ ಮೈಯಲ್ಲೇ ಕಂಡಳು. 1998ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಅವಳಿ ಗಂಡುಮಕ್ಕಳನ್ನು ಕಳೆದುಕೊಂಡ ಕೆಲವೇ ದಿನಗಳಲ್ಲಿ ಆಕೆಗೆ ತಡೆಯಲಾಗದ ಬರೆಯುವ ಒತ್ತಡ ಶುರುವಾಗಿ ತಿಂಗಳುಗಟ್ಟಲೆ ನಿಂತಿತು. 2004ರಲ್ಲಿ ಆಕೆ ಬರೆದ ಪುಸ್ತಕದಲ್ಲಿ ಬರೆಯಲಾಗದ ಕಾಯಿಲೆ, ಬರೆಯದೆ ಇರಲಾಗದ ಕಾಯಿಲೆ ಎರಡೂ ಅಕ್ಕಪಕ್ಕ ಕೂತಿವೆ. ಆಕೆಯ ವಿವರಣೆಯಲ್ಲಿ ಮುಮ್ಮಿದುಳು, ಕಪೋಲಭಾಗ, ಭಾವನೆಗಳ ಕೇಂದ್ರಗಳ ನಡುವಿನ ತೂಕ ಮತ್ತು ಡೋಪಮಿನ್ ಎಂಬ ರಾಸಾಯನಿಕ ಮುಖ್ಯ. ಇದರಲ್ಲಿ ನೆನಪಿಡಬೇಕಾದ ವೈದ್ಯಕೀಯ ವಿಷಯವೊಂದಿದೆ: ಬರಹ ಮಾತ್ರ ನಿಂತು ಉಳಿದದ್ದೆಲ್ಲ ಸರಿಯಿದ್ದರೆ ಅದು ಒಂದು ಬಗೆ, ನಿದ್ದೆ, ಹಸಿವು, ಜನರ ಸಂಗ ಯಾವುದೂ ಬೇಡವಾಗಿದ್ದರೆ ಅದು ಖಿನ್ನತೆಯಿರಬಹುದು, ಅದಕ್ಕೆ ಬೇಕಾದವರು ವೈದ್ಯರು.

ಸ್ಫೂರ್ತಿ ಬರುವವರೆಗೆ ಕಾಯಬೇಕೇ ಎಂಬ ಹಳೆಯ ಜಗಳವನ್ನು ರಾಬರ್ಟ್ ಬಾಯ್ಸ್ 1983ರಲ್ಲಿ ಪ್ರಯೋಗಕ್ಕೆ ಇಳಿಸಿದ. ಬರೆಯಲು ಒದ್ದಾಡುತ್ತಿದ್ದ 27 ಮಂದಿ ವಿಶ್ವವಿದ್ಯಾಲಯದ ಅಧ್ಯಾಪಕರನ್ನು ಮೂರು ಗುಂಪು ಮಾಡಿದ. ಒಂದು ಗುಂಪಿಗೆ, ತೀರಾ ತುರ್ತಿಲ್ಲದೆ ಏನೂ ಬರೆಯಬೇಡಿ, ಹೊಳೆದದ್ದನ್ನು ಗುರುತು ಹಾಕಿಕೊಳ್ಳಿ ಎಂದ. ಎರಡನೆಯದಕ್ಕೆ, ಮನಸ್ಸಾದಾಗ ಬರೆಯಿರಿ ಎಂದ. ಮೂರನೆಯ ಗುಂಪು ದಿನವೂ ಬರೆಯಲೇಬೇಕು; ತಪ್ಪಿದರೆ ಅವರು ಮೊದಲೇ ಸಹಿ ಮಾಡಿಕೊಟ್ಟ ಚೆಕ್ಕು ಅವರಿಗೆ ಕಂಡರಾಗದ ಸಂಘಟನೆಯೊಂದಕ್ಕೆ ದೇಣಿಗೆಯಾಗಿ ಹೋಗುತ್ತಿತ್ತು. ಮೂರನೆಯ ಗುಂಪು ದಿನಕ್ಕೆ ಸರಾಸರಿ 3.2 ಪುಟ ಬರೆಯಿತು, ಎರಡನೆಯದು 0.9, ಮೊದಲನೆಯದು 0.2. ಇದರಲ್ಲಿ ಆಶ್ಚರ್ಯವೇನಿಲ್ಲ, ಶತ್ರುವಿಗೆ ದುಡ್ಡು ಹೋಗುತ್ತದೆಂದರೆ ಯಾರು ತಾನೆ ಬರೆಯುವುದಿಲ್ಲ. ಆಶ್ಚರ್ಯ ಇರುವುದು ಹೊಸ ಯೋಚನೆಗಳ ಲೆಕ್ಕದಲ್ಲಿ. ಒತ್ತಾಯಕ್ಕೆ ಬರೆದವರಿಗೆ ದಿನಕ್ಕೊಂದು ಹೊಸ ಯೋಚನೆ ಹೊಳೆದರೆ, ಮನಸ್ಸಾದಾಗ ಬರೆದವರಿಗೆ ಎರಡು ದಿನಕ್ಕೊಂದು, ಬರೆಯದೆ ಕಾದವರಿಗೆ ಐದು ದಿನಕ್ಕೊಂದು. ಗುಂಪುಗಳು ಸಣ್ಣವು, ಯೋಚನೆಗಳನ್ನು ಎಣಿಸಿದವರು ಅವರೇ, ಬರೆದದ್ದು ಕವಿತೆಯಲ್ಲ, ಸಂಶೋಧನಾ ಲೇಖನ. ಆದರೂ ಹೊಳೆಯುವುದು ಬರೆಯುವುದಕ್ಕೆ ಮೊದಲು ನಡೆಯುವ ಘಟನೆ ಎಂಬ ನಂಬಿಕೆಗೆ ಇದರಿಂದ ಒಳ್ಳೆಯ ಪೆಟ್ಟು ಬಿದ್ದಿದೆ.

ಇನ್ನೊಂದು ಮದ್ದನ್ನು ನಮ್ಮವರು ಬಹಳ ಹಿಂದೆಯೇ ಅರಿತಿದ್ದರು. ಹಾಳೆ ಖಾಲಿಯಾಗಿರುವುದೇ ಕಷ್ಟವಾದರೆ ಅದನ್ನು ಕಟ್ಟುಪಾಡುಗಳಿಂದ ತುಂಬುವುದು. ಅವಧಾನ ನೋಡಿದವರಿಗೆ ಇದು ಗೊತ್ತು. ನಿಷೇಧಾಕ್ಷರಿಯಲ್ಲಿ ಅವಧಾನಿ ಒಂದು ಅಕ್ಷರ ಹೇಳುತ್ತಿದ್ದಂತೆ ಪೃಚ್ಛಕರು ಮುಂದಿನ ಅಕ್ಷರ ಇದು ಬೇಡ ಎನ್ನುತ್ತಾರೆ. ಅದನ್ನು ಬಿಟ್ಟು, ಛಂದಸ್ಸು ಕೆಡದೆ, ಅರ್ಥ ತಪ್ಪದೆ ಪದ್ಯ ಮುಂದುವರಿಯಬೇಕು. ದತ್ತಪದಿಯಲ್ಲಿ ಸಂಬಂಧವಿಲ್ಲದ ನಾಲ್ಕು ಪದ ಕೊಟ್ಟು ಪಾದಕ್ಕೊಂದರಂತೆ ಹೊಂದಿಸಿ ಎನ್ನುತ್ತಾರೆ. ನಡುವೆ ಅಪ್ರಸ್ತುತ ಪ್ರಸಂಗದವರ ಕೀಟಲೆ ಬೇರೆ. ಶತಾವಧಾನಿ ಆರ್. ಗಣೇಶ್ ಅವರಂಥವರು ಇಷ್ಟೆಲ್ಲದರ ನಡುವೆ ಸುತ್ತಿಗೊಂದು ಪಾದದಂತೆ ಹಲವು ಪದ್ಯಗಳನ್ನು ಏಕಕಾಲಕ್ಕೆ ಕಟ್ಟಿ, ಕೊನೆಗೆ ಎಲ್ಲವನ್ನೂ ನೆನಪಿಂದ ಒಪ್ಪಿಸುವುದನ್ನು ಸಭಿಕರು ಬೆರಗಾಗಿ ನೋಡುತ್ತಾರೆ. ನಾಲ್ಕೇ ಸಂಗತಿ ಹಿಡಿಯುವ ಕಾರ್ಯಸ್ಮೃತಿಯಲ್ಲಿ ಇದು ಹೇಗೆ ಸಾಧ್ಯ? 1995ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ವಾಲ್ಟರ್ ಕಿಂಚ್ ಕೊಟ್ಟ ವಿವರಣೆ ಇಲ್ಲಿ ಹೊಂದುತ್ತದೆ: ತಮ್ಮ ಕ್ಷೇತ್ರದಲ್ಲಿ ನುರಿತವರು ದೀರ್ಘಕಾಲದ ಸ್ಮೃತಿಯನ್ನೇ ಕಾರ್ಯಸ್ಮೃತಿಯಂತೆ ಬಳಸುವುದನ್ನು ಕಲಿತಿರುತ್ತಾರೆ. ಛಂದಸ್ಸು ರಕ್ತಗತವಾದವರಿಗೆ ಅದು ಹೊರೆಯಾಗುವುದಿಲ್ಲ, ಹಿಡಿಯಾಗುತ್ತದೆ. ಹೊಸಬರಿಗೂ ಕಟ್ಟುಪಾಡಿನಿಂದ ಲಾಭವಿದೆ. ಎರಡು ಸಾಲಿನ ಶುಭಾಶಯ ಪದ್ಯ ಬರೆಯಿರಿ ಎನ್ನುವುದಕ್ಕಿಂತ, ಇಂಥ ಪದ ಬರಲೇಬೇಕು ಎಂದು ಷರತ್ತು ಹಾಕಿದಾಗ ಬರೆದ ಪದ್ಯಗಳನ್ನೇ ತೀರ್ಪುಗಾರರು ಹೆಚ್ಚು ಸೃಜನಶೀಲವೆಂದು ಎಣಿಸಿದ್ದನ್ನು ಕ್ಯಾಟ್ರಿನೆಲ್ ಹಾಟ್-ಟ್ರಾಂಪ್ 2017ರಲ್ಲಿ ವರದಿ ಮಾಡಿದ್ದಾಳೆ.

ಎದ್ದು ನಡೆಯುವುದೂ ಉಪಯೋಗವೇ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಮರಿಲಿ ಒಪ್ಪೆಜೊ ಮತ್ತು ಡೇನಿಯಲ್ ಶ್ವಾರ್ಟ್ಸ್, ನಡೆಯುವವರ ಹೊಸ ಯೋಚನೆಗಳ ಸಂಖ್ಯೆ ಕೂತವರಿಗಿಂತ ಸರಾಸರಿ 60 ಪ್ರತಿಶತ ಹೆಚ್ಚು ಎಂದು ಕಂಡರು. ಬರೀ ಗೋಡೆ ನೋಡುತ್ತ ಟ್ರೆಡ್‌ಮಿಲ್ ಮೇಲೆ ನಡೆದರೂ ಲಾಭ ಸಿಕ್ಕಿತು. ಒಂದೇ ಸರಿಯುತ್ತರವಿರುವ ಒಗಟಿಗೆ ಮಾತ್ರ ನಡಿಗೆ ಉಪಕಾರಕ್ಕೆ ಬರಲಿಲ್ಲ, ಸ್ವಲ್ಪ ಅಡ್ಡಿಯೇ ಆಯಿತು. ಕರಡಿಗೆ ಕಾಲು, ತಿದ್ದುವುದಕ್ಕೆ ಕುರ್ಚಿ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. 2019ರಲ್ಲಿ ಶೆಲ್ಲಿ ಗೇಬಲ್, ಜೊನಾಥನ್ ಸ್ಕೂಲರ್ ಮತ್ತಿತರರು ಲೇಖಕರಿಂದಲೂ ಭೌತವಿಜ್ಞಾನಿಗಳಿಂದಲೂ ದಿನಚರಿ ಬರೆಸಿದಾಗ, ಅವರ ಮುಖ್ಯ ಯೋಚನೆಗಳಲ್ಲಿ ಸುಮಾರು ಐದರಲ್ಲೊಂದು ಬೇರೇನೋ ಮಾಡುತ್ತ ಮನಸ್ಸು ಅಲೆಯುವಾಗ ಬಂದಿತ್ತು. ಸಿಕ್ಕಿಕೊಂಡ ಕಡೆಯಿಂದ ಬಿಡಿಸಿದ ಯೋಚನೆಗಳು ಅವುಗಳಲ್ಲಿ ಹೆಚ್ಚು. ಉಳಿದ ನಾಲ್ಕು ಪಾಲು ಕೆಲಸದ ನಡುವೆಯೋ ಅದರ ಬಗ್ಗೆಯೇ ಯೋಚಿಸುವಾಗಲೋ ಬಂದದ್ದು ಎಂಬುದನ್ನು ಸೋಮಾರಿಗಳು ಮರೆಯಬಾರದು.

ಪುಟಗಳ ಲೆಕ್ಕವೇ ಆರೋಗ್ಯದ ಲೆಕ್ಕವಲ್ಲ. ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದರು, ಕಾರಂತರು ನಲವತ್ತೇಳು. ದೇವನೂರ ಮಹಾದೇವರ ಕಥನ ಸಾಹಿತ್ಯವೆಲ್ಲ ಸೇರಿದರೂ ಒಂದು ತೆಳ್ಳನೆಯ ಸಂಪುಟವಾದೀತು, ಅದರಲ್ಲಿ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಕುಸುಮಬಾಲೆ' ಇದೆ. ಕಡಿಮೆ ಬರೆಯುವುದನ್ನು ಕಾಯಿಲೆ ಎಂದು ಯಾವ ಮನೋವಿಜ್ಞಾನಿಯೂ ಕರೆಯಕೂಡದು. ಬರೆಯಬೇಕೆಂದು ಕೂತು, ಹೇಳುವುದೂ ಇದ್ದು, ಕೈ ಏಳದಿದ್ದರೆ ಮಾತ್ರ ಅದು ಈ ಅಧ್ಯಾಯದ ವಿಷಯ.

ಹಾಗೆ ಕೈ ಏಳದಿದ್ದಾಗ ಬಾಯಿ ಬಿಟ್ಟವನೊಬ್ಬನಿದ್ದಾನೆ. 1866ರಲ್ಲಿ ಸಾಲದಲ್ಲಿ ಮುಳುಗಿದ್ದ ದಾಸ್ತೋಯೆವ್‌ಸ್ಕಿ ಸ್ಟೆಲ್ಲೋವ್‌ಸ್ಕಿ ಎಂಬ ಪ್ರಕಾಶಕನ ಜೊತೆ ಮಾಡಿಕೊಂಡಿದ್ದ ಕರಾರಿನ ಪ್ರಕಾರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಒಪ್ಪಿಸಬೇಕು. ತಪ್ಪಿದರೆ ಮುಂದಿನ ಒಂಬತ್ತು ವರ್ಷ ಅವನ ಬರಹಗಳನ್ನೆಲ್ಲ ಪ್ರಕಾಶಕ ಬಿಡಿಗಾಸೂ ಕೊಡದೆ ಅಚ್ಚು ಹಾಕಬಹುದು. 'ಅಪರಾಧ ಮತ್ತು ಶಿಕ್ಷೆ' ಇನ್ನೂ ಧಾರಾವಾಹಿಯಾಗಿ ಬರುತ್ತಿತ್ತು. ಅಕ್ಟೋಬರ್ ಬಂದರೂ ಕರಾರಿನ ಕಾದಂಬರಿಯ ಒಂದು ಪುಟವೂ ಇಲ್ಲ. ಗೆಳೆಯರ ಸಲಹೆಯಂತೆ ಶೀಘ್ರಲಿಪಿ ಕಲಿತ ಇಪ್ಪತ್ತು ವರ್ಷದ ಆನ್ನಾ ಸ್ನಿತ್ಕಿನಾಳನ್ನು ಗೊತ್ತುಮಾಡಿಕೊಂಡ. ರಾತ್ರಿ ಟಿಪ್ಪಣಿ ಮಾಡಿಕೊಳ್ಳುವುದು, ಹಗಲು ಕೋಣೆಯಲ್ಲಿ ಶತಪಥ ಹಾಕುತ್ತ ಹೇಳುವುದು; ಆಕೆ ಮನೆಗೆ ಹೋಗಿ ಲಿಪಿಯನ್ನು ಬಿಡಿಸಿ ಬರೆದು ತಂದ ಮೇಲೆಯೇ ತಿದ್ದುವುದು. ಹೇಳುವ ಹೊತ್ತಿನಲ್ಲಿ ಅವನ ಕಣ್ಣ ಮುಂದೆ ಹಾಳೆಯೇ ಇರಲಿಲ್ಲ. ಇದ್ದಿದ್ದರೂ ಶೀಘ್ರಲಿಪಿಯ ಆ ಗೀರುಗಳನ್ನು ಅವನು ಓದಬಲ್ಲವನಾಗಿರಲಿಲ್ಲ. 26 ದಿನಗಳಲ್ಲಿ 'ಜೂಜುಗಾರ' ಮುಗಿಯಿತು. ಕೊಡಲು ಹೋದರೆ ಸ್ಟೆಲ್ಲೋವ್‌ಸ್ಕಿ ಬೇಕೆಂದೇ ಊರು ಬಿಟ್ಟಿದ್ದ. ಗಡುವಿಗೆ ಕೆಲವೇ ಗಂಟೆ ಉಳಿದಿರುವಾಗ ದಾಸ್ತೋಯೆವ್‌ಸ್ಕಿ ಹಸ್ತಪ್ರತಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆದ. ಮರುವರ್ಷ ಫೆಬ್ರವರಿಯಲ್ಲಿ ಆನ್ನಾಳನ್ನು ಮದುವೆಯಾದ. ಆಮೇಲಿನ ದೊಡ್ಡ ಕಾದಂಬರಿಗಳನ್ನೂ, 'ಕರಮಜೋವ್ ಸಹೋದರರು' ಸೇರಿದಂತೆ, ಗಡುವಿನ ಗಂಡಾಂತರ ಇಲ್ಲದಿದ್ದಾಗಲೂ, ಆಕೆಗೆ ಹೇಳಿಯೇ ಬರೆಸಿದ.